ಮೇಷ್ಟ್ರ ಭೂಗೋಳ, ಮಾಜಿಗಳ ಪಿಂಚಣಿ

ನಮ್ಮ ಬೀದಿಯ ಮೇಷ್ಟ್ರು ನಿವೃತ್ತರಾದಾಗ ಅವರ ಪಿಂಚಣಿಗೆ ಭೂಗೋಳವೊಂದು ಅಡ್ಡ ಬಂತು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ‘ಭೂಗೋಳ: 1’ ಎಂದು ಬರೆದಿತ್ತು. ಬೀರುವಿನಲ್ಲಿ ಸಿಕ್ಕಿದ್ದು ಅದರ ಕಬ್ಬಿಣದ ಕಾಲು ಮಾತ್ರ. ಭೂಮಿ ಎಲ್ಲಿ ಹೋಯಿತೆಂದು ವಿವರಣೆ ಕೇಳಿ ನೋಟಿಸು ಬಂತು. ಮೂವತ್ತೆರಡು ವರ್ಷ ಮಗ್ಗಿ ಹೇಳಿಕೊಟ್ಟ ಮನುಷ್ಯ ಒಂದು ಭೂಮಿಯ ಲೆಕ್ಕ ಕೊಡಲಾಗದೆ ಬೇಬಾಕಿ ಪ್ರಮಾಣಪತ್ರಕ್ಕಾಗಿ ಆರು ತಿಂಗಳು ಅಲೆದರು. ಕೊನೆಗೆ ಸ್ವಂತ ದುಡ್ಡಿನಲ್ಲಿ ಹೊಸ ಭೂಗೋಳ ಕೊಂಡು ಕೊಟ್ಟ ಮೇಲೆ ಕಡತ ಕದಲಿತು.

“ನಿಯಮ ಎಂದರೆ ನಿಯಮವಪ್ಪ” ಎಂದು ಮೇಷ್ಟ್ರು ನನ್ನನ್ನೇ ಸಮಾಧಾನಪಡಿಸಿದರು. ನಿಜ. ಸರ್ಕಾರಿ ನೌಕರ ಗಂಭೀರ ದುರ್ನಡತೆ ಎಸಗಿದ್ದು ಸಾಬೀತಾದರೆ ಪಿಂಚಣಿಯನ್ನು ತಡೆಹಿಡಿಯಲು ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೆಯ ನಿಯಮವಿದೆ. ಕೇಂದ್ರ ಸರ್ಕಾರದ ನಿಯಮ ಇನ್ನೂ ಚೆಂದ: ನಿವೃತ್ತಿಯ ನಂತರದ ಸನ್ನಡತೆಯೂ ಪಿಂಚಣಿಯ ಷರತ್ತು. ಎಂಬತ್ತರ ಅಜ್ಜ ಊರುಗೋಲಿನ ಜೊತೆಗೆ ನಡತೆಯನ್ನೂ ಗಟ್ಟಿಯಾಗಿ ಹಿಡಿದುಕೊಂಡಿರಬೇಕು.

ಈಗ ನೌಕರರನ್ನು ಬಿಟ್ಟು ಕಾನೂನು ಮಾಡುವವರ ಕಡೆ ಬನ್ನಿ. ಸಂಸದರ ಸಂಬಳ, ಭತ್ಯೆ, ಪಿಂಚಣಿಗೆಂದು 1954ರ ಕಾಯ್ದೆಯೊಂದಿದೆ. ಅದರ ಪ್ರಕಾರ ‘ಎಷ್ಟೇ ಅವಧಿಗೆ’ ಸದಸ್ಯರಾಗಿದ್ದವರಿಗೂ ಪಿಂಚಣಿ ಉಂಟು. ಈಗ ಅದು ತಿಂಗಳಿಗೆ 31,000 ರೂಪಾಯಿ. ಐದು ವರ್ಷ ಮೀರಿದರೆ ಮೀರಿದ ಪ್ರತಿ ವರ್ಷಕ್ಕೆ 2,500 ಹೆಚ್ಚು. ಸನ್ನಡತೆಯ ಷರತ್ತನ್ನು ಹುಡುಕಿಕೊಂಡು ಹೋದರೆ ಕಬ್ಬಿಣದ ಕಾಲೂ ಸಿಗುವುದಿಲ್ಲ.

ಹಾಗೆಂದು ಪಿಂಚಣಿ ನಿಲ್ಲುವುದೇ ಇಲ್ಲ ಎನ್ನಬೇಡಿ. ನಿಲ್ಲುತ್ತದೆ. ಮಾಜಿ ಸಂಸದರು ರಾಷ್ಟ್ರಪತಿಯಾದರೆ ನಿಲ್ಲುತ್ತದೆ, ರಾಜ್ಯಪಾಲರಾದರೆ ನಿಲ್ಲುತ್ತದೆ, ಮತ್ತೆ ಸಂಸದರೋ ಶಾಸಕರೋ ಆದರೆ ಆ ಅವಧಿಗೆ ನಿಲ್ಲುತ್ತದೆ. ಈ ಪಟ್ಟಿಯಲ್ಲಿ ರಾಜಭವನವಿದೆ, ಜೈಲಿಲ್ಲ. ಪಿಂಚಣಿ ಕಳೆದುಕೊಳ್ಳುವ ಭಯವಿರುವ ಮಾಜಿಗಳು ಯಾವ ಕಟ್ಟಡದಿಂದ ದೂರವಿರಬೇಕು ಎಂಬುದು ಇದರಿಂದ ಸ್ಪಷ್ಟ.

ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಶಾಸಕ ಸ್ಥಾನ ಹೋಗುತ್ತದೆ. ಮೇಲ್ಮನವಿ ಹಾಕಿ ಕುರ್ಚಿಗೆ ಅಂಟಿಕೊಳ್ಳುವ ಸೌಲಭ್ಯವನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತು. ಆದರೆ ಅನರ್ಹತೆಯ ಕೈ ಹಾಲಿಗಳ ಕೊರಳಿಗಷ್ಟೇ ಎಟಕುತ್ತದೆ. ‘ಮಾಜಿ’ ಎಂಬುದು ಅವಿಶ್ವಾಸ ನಿರ್ಣಯವಿಲ್ಲದ, ಉಪಚುನಾವಣೆಯಿಲ್ಲದ, ಅವಧಿಯೇ ಮುಗಿಯದ ಹುದ್ದೆ.

ಈ ಹುದ್ದೆಗೆ ಕೈ ಹಾಕಿದ ಧೈರ್ಯವಂತರು ಹಿಮಾಚಲ ಪ್ರದೇಶದವರು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿಧಾನಸಭೆ, ಅನರ್ಹಗೊಂಡ ಶಾಸಕರಿಗೆ ಪಿಂಚಣಿ ಇಲ್ಲ ಎಂಬ ಮಸೂದೆಯನ್ನು ಅಂಗೀಕರಿಸಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟುವವನಿದ್ದೆ. ಮುಂದಿನ ಸಾಲು ಓದಿ ಕುಳಿತುಕೊಂಡೆ. ಯಾವ ಅಪರಾಧಕ್ಕೆ? ಲಂಚಕ್ಕಲ್ಲ, ಕೊಲೆಗಲ್ಲ, ಅತ್ಯಾಚಾರಕ್ಕಲ್ಲ. ಪಕ್ಷಾಂತರಕ್ಕೆ! ಆ ವರ್ಷ ಫೆಬ್ರುವರಿಯಲ್ಲಿ ಆರು ಕಾಂಗ್ರೆಸ್ ಶಾಸಕರು ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತ ಹಾಕಿದರು. ಎರಡೂ ಕಡೆ 34–34 ಆಗಿ, ಚೀಟಿ ಎತ್ತಿ ಸಂಸದರನ್ನು ಆರಿಸಬೇಕಾಯಿತು. ಆಮೇಲೆ ಬಜೆಟ್ಟಿನ ವೇಳೆ ವಿಪ್, ಅಂದರೆ ಪಕ್ಷದ ಅಪ್ಪಣೆ, ಉಲ್ಲಂಘಿಸಿದ್ದಕ್ಕೆ ಆರೂ ಮಂದಿ ಅನರ್ಹರಾದರು. ಜನರಿಗೆ ಮೋಸ ಮಾಡಿದರೆ ನ್ಯಾಯಾಲಯ ನೋಡಿಕೊಳ್ಳಲಿ, ಪಕ್ಷಕ್ಕೆ ಮೋಸ ಮಾಡಿದರೆ ಮಾತ್ರ ಮುಪ್ಪಿನ ಗಂಜಿಗೂ ಕುತ್ತು. ಅದೇ ಸೆಪ್ಟೆಂಬರ್‌ನಲ್ಲಿ ಖಜಾನೆ ಬರಿದಾಗಿ, ಒಂದು ತಪ್ಪೂ ಮಾಡದ ಅಲ್ಲಿನ ನಿವೃತ್ತ ನೌಕರರು ಪಿಂಚಣಿಗಾಗಿ ಹತ್ತನೆಯ ತಾರೀಖಿನವರೆಗೆ ಕಾದರು ಎಂಬುದನ್ನು ಇಲ್ಲಿ ಸುಮ್ಮನೆ ಸೇರಿಸುತ್ತೇನೆ.

ನಮ್ಮ ಕರ್ನಾಟಕ ಇಷ್ಟು ಒರಟಲ್ಲ. 2019ರಲ್ಲಿ ಇಲ್ಲಿ 17 ಶಾಸಕರು ಅನರ್ಹರಾದರು. ಅವರಲ್ಲಿ 11 ಮಂದಿ ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದು ಬಂದರು. ಫೆಬ್ರುವರಿ ಹೊತ್ತಿಗೆ ಹತ್ತು ಮಂದಿ ಸಚಿವರು. ಹಿಮಾಚಲದಲ್ಲಿ ಪಿಂಚಣಿ ಕಳೆಯುವ ಕೆಲಸಕ್ಕೆ ಇಲ್ಲಿ ಗೂಟದ ಕಾರು.

ಶಿಕ್ಷೆ ಕೊಡುವುದರಲ್ಲೂ ನಮ್ಮದು ತಾಯಿಯ ಮನಸ್ಸು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಕಾಗದದ ಚೂರುಗಳು ಸಭಾಧ್ಯಕ್ಷರ ಪೀಠದ ಮೇಲೆ ಹಾರಿದವು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೂ ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೂ ಏರುವ ಮಸೂದೆ ಪಾಸಾಯಿತು. ಕಾಗದ ಹರಿದವರೂ ಈ ಒಂದು ಕಾಗದವನ್ನು ಜೋಪಾನವಾಗಿ ಬಿಟ್ಟಿದ್ದರು. ಅದೇ ದಿನ 18 ಶಾಸಕರು ದುರ್ವರ್ತನೆಗಾಗಿ ಆರು ತಿಂಗಳು ಅಮಾನತಾದರು. ಬೆಳಿಗ್ಗೆ ಬಂದವರು ಸಂಜೆ ಹೊರಡುವಾಗ ಒಂದು ಕೈಯಲ್ಲಿ ಶಿಕ್ಷೆ, ಇನ್ನೊಂದರಲ್ಲಿ ಬಡ್ತಿ. ಮೇಷ್ಟ್ರ ತರಗತಿಯಲ್ಲಿ ಬೆಂಚಿನ ಮೇಲೆ ನಿಂತ ಹುಡುಗನಿಗೆ ಯಾರೂ ಲಾಡು ಕೊಟ್ಟಿರಲಿಲ್ಲ. ಸಂಧ್ಯಾ ಸುರಕ್ಷಾದ 1,200 ರೂಪಾಯಿಗೆ ಕಾಯುವ ನಮ್ಮ ಬೀದಿಯ ಅಜ್ಜಿಗೆ ಈ ಸುದ್ದಿಯನ್ನು ನಾನು ಓದಿ ಹೇಳಲಿಲ್ಲ. ಅವರಿಗೆ ರಕ್ತದೊತ್ತಡವಿದೆ.

ನನ್ನದೊಂದು ಬಡ ಸಲಹೆ. ಪಿಂಚಣಿಯನ್ನು ಕಿತ್ತುಕೊಳ್ಳುವುದೇನೂ ಬೇಡ, ಮಾಜಿಗಳಿಂದಲೂ ಬೇಬಾಕಿ ಪ್ರಮಾಣಪತ್ರ ಕೇಳಿದರೆ ಸಾಕು. ಕ್ಷೇತ್ರದ ದಾಸ್ತಾನು ಪುಸ್ತಕ ತೆರೆಯೋಣ. ‘ಕೆರೆ: 1’ ಎಂದಿದೆ, ಸ್ಥಳದಲ್ಲಿರುವುದು ಬಡಾವಣೆ. ‘ಗುಡ್ಡ: 1’ ಎಂದಿದೆ, ಸ್ಥಳದಲ್ಲಿರುವುದು ಹೊಂಡ. ‘ಗೋಮಾಳ’ ಎಂದಿದೆ, ಮೇಯುತ್ತಿರುವುದು ಹಸುವಲ್ಲ. ದಯವಿಟ್ಟು ವಿವರಣೆ ಕೊಡಿ, ಇಲ್ಲವೇ ಸ್ವಂತ ದುಡ್ಡಿನಲ್ಲಿ ಹೊಸ ಗುಡ್ಡ ಕೊಂಡು ತಂದಿಡಿ, ಕಡತ ಮುಂದೆ ಹೋಗುತ್ತದೆ.

ಮೇಷ್ಟ್ರಿಗೆ ಇದನ್ನು ಓದಿ ಹೇಳಲು ಹೋದೆ. ಅವರು ಕೈಯಲ್ಲಿ ಹೊಸ ನೋಟಿಸು ಹಿಡಿದು ಜಗಲಿಯಲ್ಲಿ ಕುಳಿತಿದ್ದರು. ಹಳೆಯ ಭೂಗೋಳ ಪತ್ತೆಯಾಯಿತಂತೆ. ಹಿಂದೊಮ್ಮೆ ಮತಗಟ್ಟೆ ಮಾಡಲು ಕೊಠಡಿ ಖಾಲಿ ಮಾಡಿಸಿದಾಗ ಯಾರೋ ಅಟ್ಟಕ್ಕೆ ಎಸೆದಿದ್ದರು. ಹೀಗಾಗಿ ಶಾಲೆಯಲ್ಲಿ ಈಗ ಒಂದು ಭೂಗೋಳ ಹೆಚ್ಚಾಗಿದೆ. ದಾಸ್ತಾನು ಪುಸ್ತಕದಲ್ಲಿಲ್ಲದ ಈ ಎರಡನೆಯ ಭೂಮಿ ಎಲ್ಲಿಂದ ಬಂತೆಂದು ಏಳು ದಿನಗಳೊಳಗೆ ವಿವರಣೆ ಕೊಡಬೇಕಂತೆ.