ಮೆಹರಾನ್‌ಗಢಕ್ಕೆ ಎರಡು ಗಂಟೆ ಸಾಲದು

ಜೋಧ್‌ಪುರದ ಮೆಹರಾನ್‌ಗಢ ಕೋಟೆ ನೋಡಲು ಎರಡು ಗಂಟೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ನಮಗಂತೂ ಸಾಲಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಅತ್ತೆ ಮತ್ತು ಮಗಳ ಜೊತೆ ಹೋಗಿದ್ದೆ. ಹತ್ತು ಗಂಟೆಗೆ ಒಳಗೆ ಹೋದವರು ಹೊರಗೆ ಬಂದಾಗ ಎರಡೂವರೆ!

ಕೋಟೆ ಬಂಡೆಯ ಮೇಲಿದೆ, ಹಾದಿಯೆಲ್ಲ ಏರು. ವಯಸ್ಸಾದವರಿಗೆ ಲಿಫ್ಟ್ ಇದೆ, ಅದಕ್ಕೆ ಬೇರೆ ಟಿಕೆಟ್. ಅತ್ತೆಯನ್ನು ಅದರಲ್ಲಿ ಕಳಿಸಿ ನಾವಿಬ್ಬರೂ ನಡೆದೆವು. ನಡೆದದ್ದೇ ಒಳ್ಳೆಯದಾಯಿತು. ಒಂದು ಬಾಗಿಲ ಹತ್ತಿರ ಜೈಪುರದ ಸೈನ್ಯದ ಫಿರಂಗಿ ಗುಂಡು ಬಡಿದ ಗುರುತುಗಳು ಇನ್ನೂ ಇವೆ. ಮುಂದೆ ಲೋಹಾ ಪೋಲ್ ಎಂಬ ಬಾಗಿಲಿನ ಗೋಡೆಯಲ್ಲಿ ಸತಿ ಹೋದ ರಾಣಿಯರ ಪುಟ್ಟ ಪುಟ್ಟ ಕೈಯಚ್ಚು. "ಇದೇನಮ್ಮಾ?" ಎಂದು ಮಗಳು ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ಮ್ಯೂಸಿಯಂನಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಅಂಬಾರಿ, ಪಲ್ಲಕ್ಕಿಗಳ ಕೋಣೆಗಳು. ಶಹಜಹಾನ್ ಕೊಟ್ಟ ಬೆಳ್ಳಿ ಅಂಬಾರಿಯೂ ಅಲ್ಲಿದೆ. ನಾವು ಮೈಸೂರಿನವರು, ಅಂಬಾರಿ ಅಂದರೆ ಸುಮ್ನೆ ಮುಂದೆ ಹೋಗಲು ಆಗುತ್ತದೆಯೇ? ಅತ್ತೆ ಅದರ ಮುಂದೆಯೇ ನಿಂತುಬಿಟ್ಟರು. ಕತ್ತಿ, ಪೇಟಗಳನ್ನು ಬೇಗ ಮುಗಿಸಿದೆವು. ಫೂಲ್ ಮಹಲಿನ ಚಿನ್ನದ ಕೆಲಸವನ್ನು ಮಾತ್ರ ಬಿಡಬೇಡಿ.

ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತಾರೆ, ಆಗಲೇ ಹೋಗಿ. ಏಪ್ರಿಲ್, ಮೇ ಬೇಡವೇ ಬೇಡ. ಚಪ್ಪಲಿ ಬದಲು ಶೂ ಹಾಕಿ, ಕಲ್ಲುಹಾಸು ಜಾರುತ್ತದೆ. ಹತ್ತಿರದಲ್ಲೇ ಇರುವ ಬಿಳಿ ಅಮೃತಶಿಲೆಯ ರಾಜಸ್ಮಾರಕ ಜಸವಂತ್ ಥಡಾವನ್ನು ಸಂಜೆಗೆ ಇಟ್ಟುಕೊಳ್ಳಿ. ಅಲ್ಲಿಂದ ಇಡೀ ಕೋಟೆ ಚೆನ್ನಾಗಿ ಕಾಣುತ್ತದೆ.