ಸತ್ಯಾಂಶ: ವಂಚನೆಯ ಗಣಿ ಪೇಟೆಂಟ್ ತಾನಾಗಿ ರದ್ದಾಗುವುದಿಲ್ಲ

‘ಅಮೆರಿಕದಲ್ಲಿ ಸುಳ್ಳು ಹೇಳಿ ಪಡೆದ ಗಣಿ ಪೇಟೆಂಟ್ ಹುಟ್ಟಿನಿಂದಲೇ ಅಸಿಂಧು, ಯಾರು ಬೇಕಾದರೂ ಆ ಜಾಗದಲ್ಲಿ ಗೂಟ ನೆಟ್ಟು ತಮ್ಮದೆನ್ನಬಹುದು’ ಎಂಬ ಸಂದೇಶ ತಪ್ಪು.

ಇಲ್ಲಿ ಪೇಟೆಂಟ್ ಎಂದರೆ ಆವಿಷ್ಕಾರದ ಹಕ್ಕಲ್ಲ, ಸರ್ಕಾರಿ ಜಮೀನಿನ ಹಕ್ಕುಪತ್ರ. 1872ರ ಗಣಿ ಕಾಯ್ದೆಯಡಿ ಅದಿರಿನ ಸಿರೆಯಿರುವ ಜಾಗಕ್ಕೆ ಎಕರೆಗೆ 5 ಡಾಲರ್, ಮೆಕ್ಕಲು ನಿಕ್ಷೇಪಕ್ಕೆ 2.50 ಡಾಲರ್ ಕೊಡಬೇಕಿತ್ತು. ಜೊತೆಗೆ 500 ಡಾಲರಿನಷ್ಟು ಕೆಲಸ ತೋರಿಸಬೇಕಿತ್ತು. ವಂಚನೆ ನುಸುಳುತ್ತಿದ್ದುದು ಇಲ್ಲೇ: ಇಲ್ಲದ ಅದಿರು, ಮಾಡದ ಕೆಲಸ, ಬೇನಾಮಿ ಅರ್ಜಿದಾರ.

ಆದರೂ ಅಂಥ ಪತ್ರ ನ್ಯಾಯಾಲಯ ರದ್ದುಪಡಿಸುವವರೆಗೆ ಊರ್ಜಿತ. ದಾವೆ ಹೂಡಬೇಕಾದ್ದು ಸಾಮಾನ್ಯವಾಗಿ ಸರ್ಕಾರವೇ, ದಾರಿಹೋಕರಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಮ್ಯಾಕ್ಸ್‌ವೆಲ್ ಜಮೀನು ಪ್ರಕರಣದ (1887) ಪ್ರಕಾರ ಪುರಾವೆ ನಿಸ್ಸಂದಿಗ್ಧವಾಗಿರಬೇಕು. ತಕ್ಕಡಿ ತುಸು ವಾಲಿದರೆ ಸಾಲದು. ಇಂಥ ದಾವೆ ಹೂಡಲು 1891ರ ಕಾಯ್ದೆ ಪೇಟೆಂಟ್ ಕೊಟ್ಟ ದಿನದಿಂದ ಆರು ವರ್ಷದ ಗಡುವು ಹಾಕಿತು. ವಂಚನೆಯನ್ನು ಬಚ್ಚಿಟ್ಟಿದ್ದರೆ ಅದು ಬಯಲಾದಾಗಿನಿಂದ ಲೆಕ್ಕ ಎಂದು 1918ರಲ್ಲಿ, ಕೊಲೊರಾಡೊದ ಕಲ್ಲಿದ್ದಲು ಜಮೀನಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು.

ಇಷ್ಟಾದರೂ ಸರ್ಕಾರ ಸೋಲಬಹುದು. ವಂಚನೆ ಅರಿಯದೆ ಪೂರ್ತಿ ಹಣ ಕೊಟ್ಟು ಕೊಂಡವರಿಗೆ ಕಾನೂನಿನ ರಕ್ಷಣೆಯುಂಟು. ಮೋಸಗಾರರು ಬೇಗನೆ ಮಾರಿ ಕೈತೊಳೆದುಕೊಳ್ಳುವುದು ಸುಮ್ಮನೆ ಅಲ್ಲ.

ಅಂದಹಾಗೆ, 1994ರ ಅಕ್ಟೋಬರ್‌ನಿಂದ ಹೊಸ ಪೇಟೆಂಟ್ ಅರ್ಜಿಗಳಿಗೇ ತಡೆಯಿದೆ. ಎಕರೆಗೆ 5 ಡಾಲರಿನ ಆಸೆ ತೋರಿಸುವ ಸಂದೇಶಗಳೂ ಹುಸಿಯೇ.