ಪ್ಲೇಟು, ಸಿಡಿ ಮತ್ತು ಒಂದು ಚಕ್ರ

ಕ್ಲಬ್ಬಿಗೆ ಸಿಡಿ ಬಂದಾಗ ಡಿಜೆಗಳ ಕಿವಿಗಿಂತ ಮೊದಲು ಖುಷಿಪಟ್ಟಿದ್ದು ಅವರ ಬೆನ್ನು. ಹನ್ನೆರಡು ಇಂಚಿನ ವಿನೈಲ್ ರೆಕಾರ್ಡು ಒಂದೇ ಆದರೆ ಹಗುರ. ರಾತ್ರಿಯಿಡೀ ಕುಣಿಸಲು ಸಾಕಾಗುವಷ್ಟನ್ನು ಪೆಟ್ಟಿಗೆಗೆ ತುಂಬಿ ಎತ್ತಿ ನೋಡಿ, ಸೊಂಟ ಹಿಡಿದುಕೊಳ್ಳುತ್ತದೆ. ಸಿಡಿಯಾದರೆ ಒಂದು ಕೈಚೀಲ ಸಾಕು. ಬೆಳಗ್ಗೆ ಮುಗಿಸಿದ ಹಾಡನ್ನು ರಾತ್ರಿಯೇ ಹಾಕಬಹುದು. ರೆಕಾರ್ಡಿಗಾದರೆ ಅಚ್ಚು ಹಾಕಿಸಿ ವಾರಗಟ್ಟಲೆ ಕಾಯಬೇಕು. ಒಂದೇ ಪ್ರತಿ ಕೊರೆಸಿಕೊಳ್ಳುವ ದಾರಿಯೂ ಇತ್ತೆನ್ನಿ, ಆದರೆ ಅದು ದುಬಾರಿ, ಬೇಗ ಸವೆದೂ ಹೋಗುತ್ತಿತ್ತು.

ಇಷ್ಟಿದ್ದೂ ಡಿಜೆಗಳು ಸುಲಭಕ್ಕೆ ಬಗ್ಗಲಿಲ್ಲ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಕ್ಲಬ್ಬುಗಳಲ್ಲಿ ಅದು ಗಟ್ಟಿಯಾಗಿ ತಳ ಊರಿದ್ದು 2001ರಲ್ಲಿ ಪಯೊನೀರ್ ಕಂಪನಿಯ ಸಿಡಿಜೆ-1000 ಎಂಬ ಸಿಡಿ ಪ್ಲೇಯರ್ ಬಂದ ಮೇಲೆ. ಕಾರಣ ಕೇಳಿದರೆ ನಗು ಬರುತ್ತದೆ. ಆ ಯಂತ್ರದ ನೆತ್ತಿಯ ಮೇಲೆ ಒಂದು ದೊಡ್ಡ ಚಕ್ರ ಇತ್ತು. ಸಿಡಿ ಒಳಗೆಲ್ಲೋ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಮೇಲೆ ಚಕ್ರವನ್ನು ಹಿಂದೆ ಮುಂದೆ ಉಜ್ಜಿದರೆ ಥೇಟ್ ಕೈಯಿಂದ ಉಜ್ಜಿದ ರೆಕಾರ್ಡಿನ ಹಾಗೇ 'ವಿಕಿ ವಿಕಿ' ಅನ್ನುತ್ತದೆ. ರೆಕಾರ್ಡನ್ನು ಓಡಿಸಲು ಬಂದವನೇ ಅದರ ವೇಷ ಹಾಕಬೇಕಾಯಿತು, ಅಲ್ವಾ!

ನನ್ನ ಓಟು ರೆಕಾರ್ಡಿಗೇ. ಸದ್ದಿಗಾಗಿ ಅಲ್ಲ. 'ಬೆಚ್ಚಗಿನ ನಾದ' ಅಂತ ಕೆಲವರು ಕಣ್ಣು ಮುಚ್ಚಿ ಹೇಳುತ್ತಾರಲ್ಲ, ಕ್ಲಬ್ಬಿನ ಆ ಗದ್ದಲದಲ್ಲಿ ಅದು ಯಾರಿಗೆ ಕೇಳಿಸಬೇಕು? ಸಾಲದ್ದಕ್ಕೆ ಸ್ಪೀಕರು ಗುಡುಗಿದರೆ ಮುಳ್ಳು ನಡುಗಿ ಹಾರುತ್ತದೆ. ನನಗೆ ಇಷ್ಟ ಬೇರೆಯದು. ರೆಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ, ಹಾಡು ಕಣ್ಣಿಗೇ ಕಾಣುತ್ತದೆ. ಡ್ರಮ್ಮು ಜೋರಾಗಿರುವ ಕಡೆ ಗೆರೆಗಳು ತರಿತರಿಯಾಗಿ ಮಿನುಗುತ್ತವೆ. ಎಲ್ಲ ತಣ್ಣಗಾಗುವ ಕಡೆ ನುಣ್ಣಗೆ, ಕಪ್ಪಗೆ ಒಂದು ಪಟ್ಟಿ. ಮುಳ್ಳನ್ನು ನೇರ ಅಲ್ಲಿಗೇ ಇಳಿಸಬಹುದು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಡಿಜೆ ರೆಕಾರ್ಡಿನ ಮೇಲೆ ಕ್ರೇಯಾನಿನಿಂದ ಗುರುತು ಹಾಕಿಕೊಂಡು, ಬೇಕಾದ ತುಣುಕಿಗೆ ಕರಾರುವಾಕ್ಕಾಗಿ ಹಿಂದಿರುಗುತ್ತಿದ್ದ. ಸಿಡಿಯ ಬೆನ್ನು ತಿರುಗಿಸಿ ನೋಡಿದರೆ ನಿಮ್ಮ ಮುಖವೇ ಕಾಣುತ್ತದೆ, ಅಷ್ಟೇ.

ಈಗ ಆ ಜಗಳಕ್ಕೂ ಅರ್ಥ ಉಳಿದಿಲ್ಲ. 2020ರಲ್ಲಿ ಬಂದ ಸಿಡಿಜೆ-3000ರಲ್ಲಿ ಸಿಡಿ ಹಾಕಲು ಬಾಯೇ ಇಲ್ಲ, ಪೆನ್‌ಡ್ರೈವ್ ಚುಚ್ಚಬೇಕು. ಚಕ್ರ ಮಾತ್ರ ಹಾಗೇ ಇದೆ. ಇತ್ತ 1972ರಲ್ಲಿ ಹುಟ್ಟಿ, 2010ರಲ್ಲಿ ನಿಂತೇಹೋಗಿದ್ದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ, ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ 2016ರಲ್ಲಿ ಮತ್ತೆ ಅಂಗಡಿಗೆ ಬಂತು. ಬೆಲೆ ಮಾತ್ರ ಕೇಳಬೇಡಿ.